ಪ್ಯಾಚ್ ಮಾಡುವ ಕೆಲಸ, ಮಾಡದ ಕೆಲಸ

(ಹುಣಸೂರಿನಲ್ಲಿ ಔಷಧಿ ಅಂಗಡಿ ನಡೆಸುವ ಒಬ್ಬರು ಊರಿನವರ ಮುಂದೆ ಆಡಿದ ಮಾತುಗಳು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು.)

ಈ ಊರಲ್ಲಿ ನಿಂತು ಸಿಗರೇಟು ಬಿಡುವ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ಇಲ್ಲಿ ಕೂತಿರುವ ಎಷ್ಟೋ ಜನರ ಹೊಲದ ಮೂಲೆಯಲ್ಲಿ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಇದೆ. ನಮ್ಮ ಹೊಲದಲ್ಲೂ ಇತ್ತು. ನನ್ನ ಸ್ಕೂಲ್ ಫೀಸಿನಿಂದ ಹಿಡಿದು ಡಿ.ಫಾರ್ಮ ಓದಿದ ಖರ್ಚಿನ ತನಕ ಎಲ್ಲ ಹೊಗೆಸೊಪ್ಪಿನ ದುಡ್ಡೇ. ಆ ದುಡ್ಡಲ್ಲಿ ಓದಿ, ಅಂಗಡಿ ಇಟ್ಟು, ಈಗ ಹೊಗೆಸೊಪ್ಪಿನ ಚಟ ಬಿಡಿಸುವ ಪ್ಯಾಚ್ ಮಾರುತ್ತಿದ್ದೇನೆ. ಹಾಗಾಗಿ ಬೆಳೆಯುವವರನ್ನು ಬಯ್ಯಲು ನಾನು ಬಂದಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲ ಇರುವ ಒಂದು ಅಂಟು ಪಟ್ಟಿಯ ಬಗ್ಗೆ ಹೇಳಿ ಹೋಗೋಣ ಅಂತ ಬಂದೆ. ಅದನ್ನು ಮಾರಿದ್ದೇನೆ, ನಾನೇ ತಪ್ಪಾಗಿ ಬಳಸಿ ಸೋತಿದ್ದೇನೆ, ಆಮೇಲೆ ಸರಿಯಾಗಿ ಬಳಸಿ 23 ವರ್ಷದ ಚಟ ಬಿಟ್ಟಿದ್ದೇನೆ.

ಮೊದಲು ಚರ್ಮದ ವಿಷಯ. ನನಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಶ್ರಾವಣದ ಜಿಟಿಜಿಟಿ ಮಳೆ. ಸ್ಕೂಲಿಗೆ ಹೋಗುವ ಮುಂಚೆ ಅಪ್ಪನ ಜೊತೆ ಸೊಪ್ಪು ಮುರಿಯಲು ಹೊಲಕ್ಕೆ ಇಳಿದೆ. ಮುರಿದ ಎಲೆಗಳನ್ನು ಎದೆಗೆ ಅವಚಿಕೊಂಡು ಬದುವಿಗೆ ತಂದು ಹಾಕುವುದು ನನ್ನ ಕೆಲಸ. ಅಂಗಿಯೆಲ್ಲ ಒದ್ದೆ, ಮೈಯೆಲ್ಲ ಅಂಟಂಟು. ಹತ್ತು ಗಂಟೆ ಹೊತ್ತಿಗೆ ಹೊಟ್ಟೆ ತೊಳಸಲು ಶುರುವಾಯಿತು. ತಲೆ ಗಿರ್ರೆಂದು ಸುತ್ತಿ ಬದುವಿನ ಮೇಲೇ ವಾಂತಿ ಮಾಡಿಕೊಂಡೆ. "ಸೊಪ್ಪು ತಲೆಗೇರಿದೆ ಕಣೋ" ಅಂತ ಅವ್ವ ಅಂಗಿ ಬಿಚ್ಚಿಸಿ, ಮೈ ತೊಳೆದು, ಚಾಪೆ ಹಾಸಿ ಮಲಗಿಸಿದಳು. ಸಂಜೆ ಹೊತ್ತಿಗೆ ಸರಿಹೋಯಿತು.

ಯಾರು ಯಾರಿಗೆ ಹೀಗಾಗಿದೆ ಅಂತ ಕೇಳುವುದೇ ಬೇಡ, ನಿಮ್ಮ ನಗು ನೋಡಿದರೆ ಗೊತ್ತಾಗುತ್ತಿದೆ. ಡಾಕ್ಟರುಗಳು ಇದಕ್ಕೆ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್, ಅಂದರೆ ಹಸಿ ಹೊಗೆಸೊಪ್ಪಿನ ಕಾಯಿಲೆ ಅನ್ನುತ್ತಾರೆ. ನಾನು ಅವತ್ತು ಸೇದಿರಲಿಲ್ಲ, ಬಾಯಿಗೂ ಹಾಕಿಕೊಂಡಿರಲಿಲ್ಲ. ಮತ್ತೆ ಹೊಗೆಸೊಪ್ಪಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಒಳಗೆ ಹೋಗಿದ್ದು ಎಲ್ಲಿಂದ? ಒದ್ದೆ ಎಲೆಯಿಂದ ನೀರಿಗೆ, ನೀರಿನಿಂದ ಚರ್ಮಕ್ಕೆ, ಚರ್ಮದಿಂದ ರಕ್ತಕ್ಕೆ. ನಿಕೋಟಿನ್ ಪುಟ್ಟ ಅಣು. ನೀರಲ್ಲೂ ಕರಗುತ್ತದೆ, ಎಣ್ಣೆಯಲ್ಲೂ ಕರಗುತ್ತದೆ. ಅಂಥದ್ದಕ್ಕೆ ಚರ್ಮ ದಾಟುವುದು ಕಷ್ಟವಲ್ಲ. ಹಿಂದೆ ನಮ್ಮ ಅಜ್ಜಂದಿರು ಹೊಗೆಸೊಪ್ಪು ಕುದಿಸಿ ಆ ಕಷಾಯವನ್ನು ಹೇನು ಬಿದ್ದ ಗಿಡಕ್ಕೆ ಸಿಂಪಡಿಸುತ್ತಿದ್ದರು. ಅದೂ ಇದೇ ನಿಕೋಟಿನ್ನಿನ ಕೆಲಸ. ಹುಳ ಹತ್ತಿರ ಬರದಿರಲಿ ಅಂತ ಗಿಡ ತನಗಾಗಿ ಮಾಡಿಕೊಂಡ ವಿಷ ಅದು. ಹುಳ ದೂರ ಹೋಯಿತು, ಮನುಷ್ಯ ಹತ್ತಿರ ಬಂದ.

ಅಮೆರಿಕದಲ್ಲೂ ದಕ್ಷಿಣದ ರಾಜ್ಯಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಅಲ್ಲಿನ ಕೂಲಿಯವರಿಗೂ ಹೀಗೇ ತಲೆಸುತ್ತು, ವಾಂತಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮರ್ರೆ ಜಾರ್ವಿಕ್ ಅಂತ ಒಬ್ಬ ವಿಜ್ಞಾನಿ ಇದ್ದರು. ಅವರ ಜೊತೆ ಜೆಡ್ ರೋಸ್ ಅಂತ ಇನ್ನೊಬ್ಬರು. ಈ ಕಾಯಿಲೆ ನೋಡಿ ಅವರಿಗೆ ಒಂದು ಯೋಚನೆ ಬಂತು. ಚರ್ಮದಿಂದ ನಿಕೋಟಿನ್ ಒಳಗೆ ಹೋಗಿ ಕಾಯಿಲೆ ತರುವುದಾದರೆ, ಹದವಾಗಿ ಬಿಟ್ಟರೆ ಔಷಧಿಯೂ ಆಗಬಹುದಲ್ಲ? ಬೇರೆಯವರ ಮೇಲೆ ಪ್ರಯೋಗ ಮಾಡಲು ಅವರಿಗೆ ಅನುಮತಿ ಸಿಗಲಿಲ್ಲ. ಸರಿ, ತಮ್ಮ ಚರ್ಮದ ಮೇಲೇ ಹೊಗೆಸೊಪ್ಪು ಇಟ್ಟುಕೊಂಡು ಏನಾಗುತ್ತದೆ ಅಂತ ಕಾದು ಕೂತರು. ಎದೆಬಡಿತ ಜಾಸ್ತಿಯಾಯಿತು. ಸೇದುವವರಿಗೆ ಆಗುವುದೆಲ್ಲ ಆಯಿತು. 1984ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. 1991ರಲ್ಲಿ ಅಮೆರಿಕದಲ್ಲಿ ಡಾಕ್ಟರ ಚೀಟಿ ಮೇಲೆ ಪ್ಯಾಚ್ ಸಿಗಲು ಶುರುವಾಯಿತು. 1996ರಿಂದ ಅಲ್ಲಿ ಚೀಟಿಯೂ ಬೇಡವಾಯಿತು. ನನಗೆ ಇದನ್ನು ಓದಿದಾಗ ಹೊಟ್ಟೆ ಉರಿಯಿತು. ಪ್ರತಿ ಮಳೆಗಾಲ ನಮ್ಮ ಹೊಲದಲ್ಲಿ ಅದೇ ಪ್ರಯೋಗ ನಡೆಯುತ್ತಿತ್ತು. ನಾವು ವಾಂತಿ ಮಾಡಿಕೊಂಡು ಸುಮ್ನೆ ಮಲಗಿದೆವು.

ಈಗ ಸಿಗರೇಟಿಗೂ ಪ್ಯಾಚಿಗೂ ಏನು ವ್ಯತ್ಯಾಸ? ಎರಡರಲ್ಲೂ ನಿಕೋಟಿನ್ ಇದೆ. "ಅದೇ ವಿಷ ಮತ್ತೆ ಯಾಕೆ ಹಾಕಿಕೊಳ್ಳಲಿ ಅಣ್ಣ?" ಅಂತ ಅಂಗಡಿಗೆ ಬರುವವರು ಕೇಳುವ ಮೊದಲ ಪ್ರಶ್ನೆಯೇ ಇದು. ಪ್ರಶ್ನೆ ಸರಿಯಾಗಿಯೇ ಇದೆ. ಮೈಕಲ್ ರಸೆಲ್ ಅಂತ ಲಂಡನ್ನಿನ ಒಬ್ಬ ಮನೋವೈದ್ಯರು 1976ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟರು: ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರ್‌ನಿಂದ, ಅಂದರೆ ಹೊಗೆಯ ಅಂಟು ಕಿಟ್ಟದಿಂದ. ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳಿವೆ. ಸುಮಾರು 70 ಕ್ಯಾನ್ಸರ್ ತರುವಂಥವು. ಕಾರ್ಬನ್ ಮೊನಾಕ್ಸೈಡ್ ಬೇರೆ. ಪ್ಯಾಚಿನಲ್ಲಿ ಉರಿಯುವುದು ಏನೂ ಇಲ್ಲ. ಹೊಗೆ ಇಲ್ಲ, ಟಾರ್ ಇಲ್ಲ. ಚಟ ಹಿಡಿಸುವ ಒಂದು ವಸ್ತು ಮಾತ್ರ ಇದೆ, ಅದೂ ಹಂತ ಹಂತವಾಗಿ ಇಳಿಸುವ ಲೆಕ್ಕದಲ್ಲಿ.

ಇನ್ನೊಂದು ವ್ಯತ್ಯಾಸ ವೇಗದ್ದು. ಚಟ ಹಿಡಿಯುವುದರ ಗುಟ್ಟೇ ಅದರಲ್ಲಿದೆ. ಒಂದು ದಮ್ಮು ಎಳೆದರೆ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಮಿದುಳು ಖುಷಿಯಾಗುತ್ತದೆ. ಎರಡು ಗಂಟೆ ಕಳೆಯುವ ಹೊತ್ತಿಗೆ ರಕ್ತದಲ್ಲಿ ಇದ್ದದ್ದು ಅರ್ಧಕ್ಕೆ ಇಳಿಯುತ್ತದೆ. ಮಿದುಳು ಮತ್ತೆ ಕೇಳುತ್ತದೆ. ಪ್ಯಾಚ್ ಅಂಟಿಸಿದರೆ ಮಟ್ಟ ಪೂರ್ತಿ ಏರಲು ಕೆಲವು ಗಂಟೆ ಬೇಕು. ಆಮೇಲೆ ಇಡೀ ದಿನ ಒಂದೇ ಸಮ. ಕೊಡದಲ್ಲಿ ಎತ್ತಿ ಸುರಿಯುವ ನೀರಿಗೂ ಡ್ರಿಪ್ ನೀರಿಗೂ ಇರುವ ವ್ಯತ್ಯಾಸ ನಿಮಗೆ ಹೇಳಬೇಕಾಗಿಲ್ಲ. ಗಿಡ ಒಣಗುವುದಿಲ್ಲ, ಆದರೆ ನೀರು ಬಿತ್ತು ಅಂತ ಕುಣಿಯುವುದೂ ಇಲ್ಲ. ಅದಕ್ಕೇ ಪ್ಯಾಚ್ ಹಾಕಿಕೊಂಡವರು ಮೊದಲ ದಿನ "ಏನೂ ಕಿಕ್ಕೇ ಇಲ್ಲ, ದುಡ್ಡು ದಂಡ" ಅನ್ನುತ್ತಾರೆ. ಕಿಕ್ ಕೊಡದಿರುವುದೇ ಅದರ ಕೆಲಸ. ಸಿಡುಕು, ಚಡಪಡಿಕೆ, ಯಾವ ಕೆಲಸಕ್ಕೂ ಮನಸ್ಸು ನಿಲ್ಲದಿರುವುದು, ಇವುಗಳ ತೀವ್ರತೆಯನ್ನು ಅದು ತಗ್ಗಿಸುತ್ತದೆ.

ಈಗ ನನ್ನ ಸೋಲಿನ ಕತೆ. ನಾನು ದಿನಕ್ಕೆ ಹದಿನೈದು ಸಿಗರೇಟಿನ ಗಿರಾಕಿ. ಹಲ್ಲು ಉಜ್ಜುವ ಮುಂಚೆ ಒಂದು ಆಗಲೇಬೇಕು. ಅಂಗಡಿ ಹಿಂದಿನ ಸಂದಿಯಲ್ಲಿ ನಿಂತು ಸೇದಿ, ಏಲಕ್ಕಿ ಅಗಿದು, ಬಂದು ಕೆಮ್ಮಿನ ಸಿರಪ್ ಮಾರುತ್ತಿದ್ದೆ. ಒಂದು ದಿನ ನನ್ನ ಮಗಳು, ಆಗ ಅವಳು ಎರಡನೇ ಕ್ಲಾಸು, ಒಬ್ಬ ಗಿರಾಕಿಯ ಮುಂದೆಯೇ "ಅಪ್ಪಾ, ಸಿಗರೇಟು ಸೇದಿ ಬಂದ್ಯಾ?" ಅಂತ ಕೇಳಿಬಿಟ್ಟಳು. ಅವತ್ತೇ ಬಿಡಬೇಕು ಅನ್ನಿಸಿತು. ಕಪಾಟಿನಲ್ಲೇ ಪ್ಯಾಚ್ ಇತ್ತಲ್ಲ. ಮೂರು ಅಳತೆಯಲ್ಲಿ ಬರುತ್ತದೆ: 21, 14, 7 ಮಿಲಿಗ್ರಾಂ. ನಾನು ಏನು ಮಾಡಿದೆ ಗೊತ್ತಾ? 7ರದ್ದು ತೆಗೆದುಕೊಂಡೆ. ಚಿಕ್ಕದರಿಂದ ಶುರು ಮಾಡೋಣ, ನಿಕೋಟಿನ್ ಅಲ್ವಾ, ಜಾಸ್ತಿ ಯಾಕೆ ಅಂತ. ಔಷಧಿ ಓದಿದವನ ಬುದ್ಧಿ ನೋಡಿ. ದಿನಕ್ಕೆ ಹದಿನೈದು ಸಿಗರೇಟಿನ ಹಸಿವಿಗೆ ಒಂದು ಇಡ್ಲಿ ಕೊಟ್ಟ ಹಾಗಾಯಿತು.

ಮೂರನೇ ದಿನಕ್ಕೆ ಮನೆಯವರೆಲ್ಲ ನನ್ನಿಂದ ದೂರ ಓಡಾಡುತ್ತಿದ್ದರು. ಆರನೇ ದಿನ ಸಂಬಂಧಿಕರ ಮದುವೆ, ರಿಸೆಪ್ಷನ್ ರಾತ್ರಿ. ಛತ್ರದ ಹಿಂದೆ ಭಾವ ಒಂದು ಹಚ್ಚಿದ. ನನಗೂ ಒಂದು ಕೊಟ್ಟ. ಸೇದಿದೆ. ಸೇದಿದ ತಕ್ಷಣ ಭಯ ಹತ್ತಿತು: ಪ್ಯಾಚ್ ಹಾಕಿಕೊಂಡು ಸೇದಿದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಅಲ್ಲೇ ತೋಳಿನಿಂದ ಪ್ಯಾಚ್ ಕಿತ್ತು ಎಸೆದೆ. ಉಳಿದ ಪೆಟ್ಟಿಗೆಯನ್ನು ಮಾರನೇ ದಿನ ಮತ್ತೆ ಕಪಾಟಿನಲ್ಲಿ ಇಟ್ಟೆ. ಆಮೇಲೆ ಎರಡು ವರ್ಷ, ಕೇಳಿದವರಿಗೆಲ್ಲ "ಪ್ಯಾಚ್ ಕೆಲಸ ಮಾಡಲ್ಲ ಸಾರ್, ನಾನೇ ನೋಡಿದೀನಿ" ಅಂತ ಹೇಳಿಕೊಂಡು ಬಂದೆ. ಅದಕ್ಕೆ ಈಗಲೂ ನಾಚಿಕೆ ಆಗುತ್ತದೆ. ನನ್ನ ಮಾತು ನಂಬಿ ಎಷ್ಟು ಜನ ವಾಪಸ್ ಹೋದರೋ.

ಆ ಒಂದು ವಾರದಲ್ಲಿ ನಾನು ಮಾಡಿದ ತಪ್ಪುಗಳನ್ನು ಬಿಡಿಸಿ ನೋಡೋಣ. ಹೆಚ್ಚಿನವರು ಸೋಲುವುದು ಇಲ್ಲೇ.

ಮೊದಲನೆಯದು ಅಳತೆ. ಒಂದು ಸಿಗರೇಟಿನಿಂದ ಮೈಗೆ ಸೇರುವ ನಿಕೋಟಿನ್ ಸುಮಾರು 1ರಿಂದ 1.5 ಮಿಲಿಗ್ರಾಂ. ಇಪ್ಪತ್ತು ಸೇದುವವನಿಗೆ ದಿನಕ್ಕೆ 20ರಿಂದ 30 ಸಿಗುತ್ತಿದೆ. ಹಾಗಾದರೆ 21ರ ಪ್ಯಾಚ್ ದೊಡ್ಡದಾ ಚಿಕ್ಕದಾ? ನೀವೇ ಲೆಕ್ಕ ಹಾಕಿ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುವವರಿಗೆ ಸಾಮಾನ್ಯವಾಗಿ 21ರಿಂದ ಶುರು. ಅದು 6 ವಾರ. ಆಮೇಲೆ 14ರದ್ದು 2 ವಾರ, 7ರದ್ದು 2 ವಾರ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸೇದುವವರು 14ರಿಂದ ಶುರು ಮಾಡಿ 6 ವಾರ, ಆಮೇಲೆ 7ರದ್ದು 2 ವಾರ. ನಾನು ಮೆಟ್ಟಿಲನ್ನು ಕೆಳಗಿನಿಂದ ಹತ್ತಲು ಹೋಗಿದ್ದೆ. ಇದು ಇಳಿಯುವ ಮೆಟ್ಟಿಲು.

ಬೀಡಿ ಸೇದುವವರಿಗೆ ಈ ಲೆಕ್ಕ ನೇರವಾಗಿ ಕೂರುವುದಿಲ್ಲ. ಬೀಡಿ ಚಿಕ್ಕದು ಅಂತ ಕಡಿಮೆ ಅಂದುಕೊಳ್ಳಬೇಡಿ. ಅದಕ್ಕೆ ಫಿಲ್ಟರ್ ಇಲ್ಲ. ಆರಿಹೋಗದಿರಲಿ ಅಂತ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಅದಕ್ಕೆ ಎಣಿಕೆಗಿಂತ ಒಂದು ಸುಲಭದ ಪ್ರಶ್ನೆ ಇದೆ: ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ? ಅರ್ಧ ಗಂಟೆಯ ಒಳಗೆ ಅಂದರೆ ಚಟ ಗಟ್ಟಿಯಾಗಿದೆ. ಸ್ವೀಡನ್ನಿನ ಫಾಗರ್‌ಸ್ಟ್ರೋಮ್ ಅನ್ನುವವರು ಮಾಡಿದ ಪ್ರಶ್ನಾವಳಿಯಲ್ಲಿ ಇದೂ ಒಂದು. ಡಾಕ್ಟರುಗಳು ಇವತ್ತಿಗೂ ಕೇಳುತ್ತಾರೆ.

ಎರಡನೆಯದು, ಸೇದಿದೆ ಅಂತ ಪ್ಯಾಚ್ ಕಿತ್ತು ಎಸೆದದ್ದು. 1992ರ ಹೊತ್ತಿಗೆ, ಪ್ಯಾಚ್ ಹೊಸದಾಗಿ ಬಂದಾಗ, ಅದನ್ನು ಹಾಕಿಕೊಂಡು ಸೇದಿದವರಿಗೆ ಹೃದಯಾಘಾತ ಆಯಿತು ಅಂತ ಸುದ್ದಿ ಬಂದಿದ್ದು ನಿಜ. ಜನ ಹೆದರಿದರು. ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾಗ ಆ ಭಯಕ್ಕೆ ಆಧಾರ ಸಿಗಲಿಲ್ಲ. 1996ರಲ್ಲಿ ಅಮೆರಿಕದಲ್ಲಿ ಮೊದಲೇ ಹೃದಯದ ಕಾಯಿಲೆ ಇದ್ದ 584 ಜನರ ಮೇಲೆ ನಡೆಸಿದ ಅಧ್ಯಯನದಲ್ಲೂ ಪ್ಯಾಚ್‌ನಿಂದ ಹೃದಯದ ತೊಂದರೆ ಜಾಸ್ತಿಯಾದದ್ದು ಕಾಣಲಿಲ್ಲ. 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಸೇದುವಾಗ ಇದನ್ನು ಬಳಸಲೇಬಾರದು ಅನ್ನುವ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲಿಂದ ತೆಗೆಸಿತು. ಹಾಗಂತ ಸೇದಿಕೊಂಡೇ ಇರಿ ಅಂತಲ್ಲ. ಕಾಲು ಜಾರಿ ಒಂದು ಸೇದಿದಿರಿ ಅಂದರೆ ಪ್ಯಾಚ್ ತೋಳಿನ ಮೇಲೇ ಇರಲಿ. ಅವತ್ತು ನಾನು ಎಸೆಯಬೇಕಾಗಿದ್ದದ್ದು ಭಾವ ಕೊಟ್ಟ ಸಿಗರೇಟನ್ನು.

ಹೃದಯದ ಮಾತು ಬಂದಿದ್ದಕ್ಕೆ ಒಂದು ಮಾತು. ಮೊನ್ನೆ ಮೊನ್ನೆ ಹೃದಯಾಘಾತ ಆದವರು, ಎದೆಬಡಿತ ತಪ್ಪುವ ಕಾಯಿಲೆ ಇರುವವರು, ಬಸುರಿಯರು, ಹದಿನೆಂಟು ತುಂಬದವರು, ಇವರೆಲ್ಲ ಅಂಗಡಿಗೆ ಬರುವ ಮುಂಚೆ ಡಾಕ್ಟರ ಹತ್ತಿರ ಹೋಗಬೇಕು. ನನ್ನನ್ನು ಕೇಳಿದರೂ ನಾನು ಅಲ್ಲಿಗೇ ಕಳಿಸುತ್ತೇನೆ.

ಮೂರನೆಯದು ಅವಧಿ. ಆರು ದಿನಕ್ಕೆ ಯಾವ ಬೆಳೆ ಬರುತ್ತದೆ ಹೇಳಿ. ಬಿಟ್ಟ ಮೇಲಿನ ಕಷ್ಟ ಮೊದಲ ಎರಡು ಮೂರು ದಿನ ತುಂಬಾ ಜೋರು. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ನಿಧಾನವಾಗಿ ಇಳಿಯುತ್ತದೆ. ಮೂರನೇ ವಾರಕ್ಕೆ "ಈಗ ಆರಾಮ ಇದೀನಿ, ಇನ್ನು ಯಾಕೆ ದುಡ್ಡು" ಅಂತ ನಿಲ್ಲಿಸುವವರೇ ಜಾಸ್ತಿ. ಆರಾಮ ಇರುವುದು ಪ್ಯಾಚ್ ಇದ್ದದ್ದಕ್ಕೆ ಅನ್ನುವುದು ಮರೆತುಹೋಗುತ್ತದೆ.

ಎರಡು ವರ್ಷ ಕಳೆದ ಮೇಲೆ ಮೈಸೂರಿನ ಒಬ್ಬ ಡಾಕ್ಟರು ನನಗೆ ಸರಿಯಾಗಿ ಬುದ್ಧಿ ಹೇಳಿದರು. ನಾನು ಹೋಗಿದ್ದು ಬೇರೆ ಕಾರಣಕ್ಕೆ, ಕೆಮ್ಮಿಗೆ. "ಏನ್ರೀ, ಇಡೀ ಊರಿಗೆ ಔಷಧಿ ಕೊಡ್ತೀರ, ನೀವೇ ಅಳತೆ ತಪ್ಪಿ ತಗೊಂಡ್ರಾ?" ಅಂದರು. 21ರದ್ದು ಬರೆದರು. ಜೊತೆಗೆ ನಿಕೋಟಿನ್ ಚೂಯಿಂಗ್ ಗಮ್ ಕೂಡ ಬರೆದರು. ಎರಡೂ ಒಟ್ಟಿಗಾ ಅಂತ ನನಗೆ ಗಾಬರಿ. ಅವರು ಹೇಳಿದ ಲೆಕ್ಕ ಹೀಗೆ: ಪ್ಯಾಚ್ ಇಡೀ ದಿನದ ಊಟ, ಗಮ್ ನಡುವೆ ತಡೆಯಲಾಗದ ಹಸಿವಿಗೆ. ಇದು ಅವರ ಸ್ವಂತ ಐಡಿಯಾ ಏನಲ್ಲ. ಪ್ಯಾಚ್ ಜೊತೆ ಗಮ್ಮಿನಂಥ ಬೇಗ ಕೆಲಸ ಮಾಡುವ ಇನ್ನೊಂದನ್ನು ಸೇರಿಸಿದರೆ, ಒಂದನ್ನೇ ಬಳಸುವುದಕ್ಕಿಂತ ಬಿಡುವವರ ಸಂಖ್ಯೆ ಸುಮಾರು ಕಾಲು ಭಾಗ ಜಾಸ್ತಿ ಅಂತ ಕಾಕ್ರೇನ್ ಅನ್ನುವ ಸಂಸ್ಥೆಯವರು ಅನೇಕ ಪ್ರಯೋಗಗಳನ್ನು ಒಟ್ಟು ಹಾಕಿ ಹೇಳಿದ್ದಾರೆ.

ಗಮ್ ಅಂದರೆ ಬಬಲ್ ಗಮ್ ಥರ ಜಗಿಯುವುದಲ್ಲ. ಸ್ವಲ್ಪ ಅಗಿದು, ಬಾಯಲ್ಲಿ ಖಾರ ಖಾರ ಚುರುಗುಟ್ಟಿದ ತಕ್ಷಣ ದವಡೆಯ ಸಂದಿಗೆ ಸರಿಸಿ ಸುಮ್ನೆ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಹೊಗೆಸೊಪ್ಪನ್ನು ದವಡೆಗೆ ಇಟ್ಟುಕೊಳ್ಳುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗಮ್ ಹಾಕಿಕೊಳ್ಳುವ ಮುಂಚೆ ಕಾಲು ಗಂಟೆ ಕಾಫಿ, ಜ್ಯೂಸ್ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ಕಾಫಿ ಅಂದೆನಲ್ಲ, ಅದರ ಬಗ್ಗೆ ಹೇಳಲೇಬೇಕು. ಪ್ಯಾಚಿನ ಮೇಲೆ ಬರುವ ಎಷ್ಟೋ ಅಪವಾದಗಳ ಹಿಂದೆ ಕಾಫಿ ಇರುತ್ತದೆ. ರಿಟೈರ್ ಆದ ಒಬ್ಬ ಮೇಷ್ಟ್ರು ನನ್ನ ಹತ್ತಿರ ಪ್ಯಾಚ್ ತೆಗೆದುಕೊಂಡು ಹೋಗಿದ್ದರು. ಹತ್ತು ದಿನಕ್ಕೆ ವಾಪಸ್ ಬಂದರು. "ನಿನ್ನ ಪ್ಯಾಚ್ ನಂಗೆ ಆಗಲ್ಲ ಕಣಯ್ಯ. ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ರಾತ್ರಿಯಿಡೀ ನಿದ್ದೆ ಇಲ್ಲ" ಅಂದರು. ದಿನಕ್ಕೆ ಎಷ್ಟು ಕಾಫಿ ಮೇಷ್ಟ್ರೇ ಅಂತ ಕೇಳಿದೆ. ಆರು ಲೋಟ, ಸ್ಟ್ರಾಂಗು, ನಲವತ್ತು ವರ್ಷದಿಂದ ಅಷ್ಟೇ, ಅದರದ್ದೇನು ತಪ್ಪಿಲ್ಲ ಬಿಡು ಅಂದರು.

ವಿಷಯ ಏನೆಂದರೆ, ಸಿಗರೇಟಿನ ಹೊಗೆಯಲ್ಲಿರುವ ಟಾರು ನಮ್ಮ ಲಿವರಿನಲ್ಲಿರುವ ಒಂದು ಕಿಣ್ವವನ್ನು ಚುರುಕು ಮಾಡಿರುತ್ತದೆ. ಕೆಫೀನನ್ನು ಕರಗಿಸಿ ಹೊರಗೆ ಹಾಕುವುದು ಅದೇ ಕಿಣ್ವ. ಹಾಗಾಗಿ ಸೇದುವವರ ಮೈಯಲ್ಲಿ ಕಾಫಿ ಸರಿಸುಮಾರು ಎರಡು ಪಟ್ಟು ಬೇಗ ಖಾಲಿಯಾಗುತ್ತದೆ. ಸೇದುವುದು ನಿಲ್ಲಿಸಿದ ಕೆಲವೇ ದಿನದಲ್ಲಿ ಆ ಕಿಣ್ವ ಮಾಮೂಲಿ ವೇಗಕ್ಕೆ ಇಳಿಯುತ್ತದೆ. ಆಮೇಲೆ ಅದೇ ಆರು ಲೋಟ ಕಾಫಿ ಹನ್ನೆರಡು ಲೋಟದಷ್ಟು ಏರುತ್ತದೆ. ನಡುಕ, ಡವಡವ, ನಿದ್ದೆಗೇಡು ಎಲ್ಲ ಅದರದ್ದು. ಬೈಸಿಕೊಳ್ಳುವುದು ಮಾತ್ರ ಪ್ಯಾಚು. ಮೇಷ್ಟ್ರು ಕಾಫಿ ಮೂರು ಲೋಟಕ್ಕೆ ಇಳಿಸಿದರು. ಒಂದು ವಾರದಲ್ಲಿ ಸರಿಹೋದರು. ಈಗ ಬೆಳಗ್ಗೆ ವಾಕಿಂಗ್‌ನಲ್ಲಿ ಸಿಕ್ಕಾಗ ಕಾಫಿ ಇಳಿಸಿದ್ದಕ್ಕೆ ನನ್ನನ್ನು ಬೈಯುತ್ತಾರೆ, ಸಿಗರೇಟು ಬಿಡಿಸಿದ್ದಕ್ಕಲ್ಲ.

ಇದೇ ಕಿಣ್ವ ಕೆಲವು ಔಷಧಿಗಳನ್ನೂ ಕರಗಿಸುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್. ಇವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಟ್ಟರೆ ಅದೇ ಮಾತ್ರೆ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ಬಿಡಬೇಡಿ ಅಂತಲ್ಲ. ಬಿಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಿ, ಅವರು ಅಳತೆ ಬದಲಿಸುತ್ತಾರೆ.

ಅಂಟಿಸುವ ಕ್ರಮ ಬೇಗ ಹೇಳಿ ಮುಗಿಸುತ್ತೇನೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲೂ ಇರುತ್ತದೆ. ಕೂದಲಿಲ್ಲದ, ಒಣಗಿದ, ಶುಭ್ರವಾದ ಜಾಗ ಬೇಕು. ತೋಳಿನ ಮೇಲ್ಭಾಗ, ಎದೆ, ಬೆನ್ನು, ಸೊಂಟದ ಪಕ್ಕ. ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ನಾಳೆ ಬೇರೆ ಜಾಗ. ಹಾಕಿದ ಜಾಗಕ್ಕೆ ಒಂದು ವಾರ ಮತ್ತೆ ಹಾಕಬೇಡಿ. ಮೊದಲ ಒಂದು ಗಂಟೆ ಸ್ವಲ್ಪ ನವೆ ಆಗಬಹುದು. ಚರ್ಮ ಕೆಂಪಾಗಿ ಊದಿಕೊಂಡು ಹಾಗೇ ಉಳಿದರೆ ತೋರಿಸಿಕೊಳ್ಳಿ. ಸ್ನಾನ ಮಾಡಬಹುದು. ಉಳಿತಾಯಕ್ಕೆ ಅಂತ ಕತ್ತರಿಸಿ ಅರ್ಧ ಹಾಕುವುದು ಬೇಡ. ಕೆಲವರಿಗೆ ರಾತ್ರಿ ಬಣ್ಣಬಣ್ಣದ ಕನಸು ಬೀಳುತ್ತದೆ. ನನಗೆ ಸತ್ತುಹೋದ ನಮ್ಮ ಎತ್ತು ಅಂಗಡಿಗೆ ಬಂದು ಬಿಲ್ ಕೇಳಿತ್ತು. ಕನಸು ಕಾಟ ಕೊಟ್ಟರೆ ಮಲಗುವಾಗ ತೆಗೆದುಬಿಡಿ. ಆದರೆ ಎದ್ದ ತಕ್ಷಣ ಸೇದುವ ಚಟ ಇದ್ದವರಿಗೆ ರಾತ್ರಿ ಇದ್ದರೇ ಒಳ್ಳೆಯದು, ಬೆಳಗಿನ ಆಸೆ ಅಷ್ಟು ಜೋರಾಗಿ ಬರುವುದಿಲ್ಲ. ತೆಗೆದ ಪ್ಯಾಚಿನಲ್ಲಿ ಇನ್ನೂ ನಿಕೋಟಿನ್ ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳು, ನಾಯಿ, ಬೆಕ್ಕಿನ ಕೈಗೆ ಸಿಗದ ಹಾಗೆ ಎಸೆಯಬೇಕು. ಎಮ್‌ಆರ್‌ಐ ಮಾಡಿಸುವುದಿದ್ದರೆ ತೆಗೆದು ಹೋಗಿ, ಕೆಲವು ಪ್ಯಾಚಿನ ಹಿಂದೆ ಲೋಹದ ಹಾಳೆ ಇರುತ್ತದೆ.

ಈಗ ಪ್ಯಾಚ್ ಮಾಡದ ಕೆಲಸ. ಮೊದಲು ಲೆಕ್ಕ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ನಾನು ವ್ಯಾಪಾರದವನು, ನನ್ನ ಮೇಲೆ ಅನುಮಾನ ಇರಲಿ. ಕಾಕ್ರೇನ್‌ನವರು 2018ರಲ್ಲಿ 133 ಪ್ರಯೋಗಗಳು, 64,640 ಜನರ ಲೆಕ್ಕ ನೋಡಿದರು. ಪ್ಯಾಚ್, ಗಮ್ ಥರದ್ದು ಬಳಸಿದರೆ ಬಿಡುವವರ ಸಂಖ್ಯೆ ಶೇಕಡಾ 50ರಿಂದ 60ರಷ್ಟು ಏರುತ್ತದೆ ಅಂತ ಕಂಡಿತು. ಕೇಳಲು ದೊಡ್ಡದು. ಆದರೆ ಅರ್ಥ ಏನು? ಅದಿಲ್ಲದೆ ನೂರರಲ್ಲಿ ಹತ್ತು ಜನ ಗೆಲ್ಲುವ ಕಡೆ ಹದಿನೈದು ಹದಿನಾರು ಜನ ಗೆಲ್ಲುತ್ತಾರೆ. ಉಳಿದ ಎಂಬತ್ತು ಚಿಲ್ಲರೆ ಜನ ಆ ಸಲ ಸೋಲುತ್ತಾರೆ. ಇದು ಮಂತ್ರದ ತಾಯತ ಅಲ್ಲ. ಆದರೆ ಆ ಐದಾರು ಜನ ಇದ್ದಾರಲ್ಲ, ಅವರು ನಿಮ್ಮ ಮನೆಯವರೂ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಪ್ಯಾಚ್ ಮತ್ತು ಗಮ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಪ್ಯಾಚ್ ನಿಕೋಟಿನ್ ಕೊಡುತ್ತದೆ, ಅಷ್ಟೇ. ಕೈಗೆ ಕೆಲಸ ಕೊಡುವುದಿಲ್ಲ. ಟೀ ಅಂಗಡಿಯ ಮುಂದಿನ ಆ ಕಲ್ಲುಬೆಂಚಿನಿಂದ ನಿಮ್ಮನ್ನು ಎಬ್ಬಿಸುವುದಿಲ್ಲ. ಹರಾಜು ಕಟ್ಟೆಯಲ್ಲಿ ರೇಟು ಕಡಿಮೆಯಾದಾಗ ಬರುವ ಸಿಟ್ಟನ್ನು ಅದು ಇಳಿಸುವುದಿಲ್ಲ. ನನಗೆ ತುಂಬಾ ಕಷ್ಟ ಆದದ್ದು ರಾತ್ರಿ ಅಂಗಡಿಯ ಶಟರ್ ಎಳೆಯುವ ಹೊತ್ತು. ಶಟರ್ ಎಳೆದು ಬೀಗ ಹಾಕಿ ಒಂದು ಹಚ್ಚುವುದು 23 ವರ್ಷದ ರೂಢಿ. ಬೀಗದ ಸದ್ದು ಕೇಳಿದರೆ ಸಾಕು, ಬಾಯಿ ಕೇಳುತ್ತಿತ್ತು. ಮೈಯಲ್ಲಿ ನಿಕೋಟಿನ್ ಇತ್ತು, ಆದರೂ ಕೇಳುತ್ತಿತ್ತು. ಡಾಕ್ಟರು ಒಂದು ಮಾತು ಹೇಳಿದ್ದರು: ಆಸೆ ಬಂದರೆ ಐದು ನಿಮಿಷ ತಳ್ಳು, ಅಷ್ಟರಲ್ಲಿ ಇಳಿಯುತ್ತದೆ. ಹಾಗಾಗಿ ಬೀಗದ ಕೆಲಸ ನಮ್ಮ ಹುಡುಗನಿಗೆ ಒಪ್ಪಿಸಿ ನಾನು ಮುಂಚೆಯೇ ಹೊರಟುಬಿಡುತ್ತಿದ್ದೆ. ಸುಮಾರು ಎರಡು ತಿಂಗಳು ನನ್ನ ಅಂಗಡಿಗೆ ನಾನು ಬೀಗ ಹಾಕಲಿಲ್ಲ.

2016-17ರಲ್ಲಿ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 9 ಜನ ದೊಡ್ಡವರು ಸೇದುತ್ತಿದ್ದರು. ಇಡೀ ದೇಶದಲ್ಲಿ ಸೇದುವವರ ಪೈಕಿ ಶೇಕಡಾ 38.5ರಷ್ಟು ಜನ ಆ ವರ್ಷದಲ್ಲಿ ಒಂದು ಸಲವಾದರೂ ಬಿಡಲು ನೋಡಿದ್ದರು. ಅಂದರೆ ಮನಸ್ಸು ಇಲ್ಲ ಅಂತಲ್ಲ. ಮನಸ್ಸು ಗಟ್ಟಿ ಇದ್ದರೆ ಸಾಕು, ಔಷಧಿ ಯಾಕೆ ಅನ್ನುವವರು ನಮ್ಮಲ್ಲಿ ತುಂಬಾ ಇದ್ದಾರೆ. ಅವರಿಗೆ ನಾನು ಕೇಳುವುದು ಒಂದೇ: ಕಣ್ಣು ಮಂಜಾದರೆ ಮನಸ್ಸು ಗಟ್ಟಿ ಮಾಡಿಕೊಂಡು ಓದುತ್ತೀರಾ, ಕನ್ನಡಕ ಹಾಕುತ್ತೀರಾ? ಇನ್ನು ಮಾತಾಡಿ ಧೈರ್ಯ ತುಂಬುವವರು ಬೇಕು ಅಂದರೆ ಅದಕ್ಕೂ ದಾರಿ ಇದೆ. ಸಿಗರೇಟು ಪ್ಯಾಕಿನ ಮೇಲೆ, ಬೀಡಿ ಕಟ್ಟಿನ ಮೇಲೆ 1800-11-2356 ಅಂತ ನಂಬರ್ ಇರುತ್ತದೆ. ಫ್ರೀ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಇದ್ದಾರೆ. ಬಿಡಿ ಸಿಗರೇಟು ಕೊಳ್ಳುವವರಿಗೆ ಪ್ಯಾಕ್ ಕಾಣುವುದೇ ಇಲ್ಲ, ನಂಬರ್ ಎಲ್ಲಿಂದ ಕಾಣಬೇಕು? ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ, ಬರೆದುಕೊಳ್ಳಿ.

ತೂಕ ಸ್ವಲ್ಪ ಏರುತ್ತದೆ. ವರ್ಷದಲ್ಲಿ ಸರಾಸರಿ ನಾಲ್ಕೈದು ಕೆಜಿ. ನನಗೆ ಆರು ಏರಿತು. ನನ್ನ ಹೆಂಡತಿ "ರೀ, ಹೊಟ್ಟೆ ಬಂದ್ರೂ ಪರವಾಗಿಲ್ಲ, ವಾಸನೆ ಹೋಯ್ತಲ್ಲ" ಅಂದಳು. ಹೊಸ ಪ್ಯಾಂಟು ಹೊಲಿಸಿದೆ.

(ಕೊನೆಗೆ ಕೇಳುತ್ತಿದ್ದವರಲ್ಲಿ ಒಬ್ಬರು ಯಜಮಾನರು ಎದ್ದು ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದಿತ್ತು. "ಪ್ಯಾಚ್ ಹಾಕ್ಕಂಡು ಮಳೇಲಿ ಸೊಪ್ಪು ಮುರೀಬೋದಾ?" ಅಂದರು. ಅದಕ್ಕೆ ಅಂಗಡಿಯವರ ಉತ್ತರ ಇದು.)

ಈ ಪ್ರಶ್ನೆ ಪೆಟ್ಟಿಗೆಯ ಚೀಟಿಯಲ್ಲಿ ಇಲ್ಲ ಯಜಮಾನ್ರೇ. ಲೆಕ್ಕ ಮಾತ್ರ ಸುಲಭ. ಪ್ಯಾಚ್ ಒಂದು ಕಡೆಯಿಂದ ಕೊಡುತ್ತದೆ, ಒದ್ದೆ ಎಲೆ ಇನ್ನೊಂದು ಕಡೆಯಿಂದ. ಎರಡೂ ಸೇರುತ್ತವೆ. ಇನ್ನೊಂದು ವಿಷಯ ಇದೆ. ಸೇದುವವರಿಗೆ ಸೊಪ್ಪು ತಲೆಗೇರುವುದು ಕಡಿಮೆ, ಮೈ ಆಗಲೇ ನಿಕೋಟಿನ್‌ಗೆ ಒಗ್ಗಿರುತ್ತದೆ. ಬಿಟ್ಟ ಮೇಲೆ ಆ ಒಗ್ಗುವಿಕೆ ಇಳಿಯುತ್ತದೆ. ಹತ್ತು ವರ್ಷದಿಂದ ಏನೂ ಆಗದೆ ಸೊಪ್ಪು ಮುರಿದವರಿಗೂ ಈ ಸಲ ತಲೆ ಸುತ್ತಬಹುದು. ಹಾಗಾಗಿ ನಿಮಗೆ ಪ್ಯಾಚ್ ಬರೆದುಕೊಡುವ ಡಾಕ್ಟರಿಗೆ ನೀವು ಹೊಗೆಸೊಪ್ಪಿನ ಕೆಲಸ ಮಾಡುತ್ತೀರಿ ಅಂತ ಮೊದಲೇ ಹೇಳಿ. ಎಲೆ ಒಣಗಿದ ಮೇಲೆ ಹೊಲಕ್ಕೆ ಇಳಿಯಿರಿ. ಮಳೆ ಬಿಡದಿದ್ದರೆ ತುಂಬು ತೋಳಿನ ಅಂಗಿ, ಮೇಲೆ ರೇನ್‌ಕೋಟು, ಕೈಗೆ ಗ್ಲೌಸು. ಬಟ್ಟೆ ಒದ್ದೆಯಾದರೆ ಬದಲಿಸಿ. ಎಲೆಯನ್ನು ಎದೆಗೆ ಅವಚಿಕೊಳ್ಳಬೇಡಿ. ಬ್ಯಾರನ್ ಒಲೆಯ ಮುಂದೆ ಕೂರುವಾಗಲೂ ಪ್ಯಾಚ್ ಇರುವ ಕಡೆ ಶಾಖ ತಾಗದ ಹಾಗೆ ದೂರ ಕೂರಿ, ಬಿಸಿಗೆ ಚರ್ಮದಲ್ಲಿ ರಕ್ತ ಜಾಸ್ತಿ ಹರಿದು ನಿಕೋಟಿನ್ ಬೇಗ ಒಳಗೆ ಹೋಗುತ್ತದೆ. ಹೊಟ್ಟೆ ತೊಳಸಿದರೆ, ತಲೆ ತಿರುಗಿದರೆ, ಮೊದಲು ಪ್ಯಾಚ್ ಕಿತ್ತು ಆ ಜಾಗವನ್ನು ಬರೀ ನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಒದ್ದೆ ಅಂಗಿ ಬಿಚ್ಚಿ, ಮೈ ತೊಳೆದು ಮಲಗಿ. ಅಷ್ಟಕ್ಕೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ನಾಳೆ ಅಂಗಡಿಗೆ ಬನ್ನಿ, ಈ ಸಲ ಎಷ್ಟು ದಿನದ ಮುರಿತ ಇದೆ ಅಂತ ನೋಡಿಕೊಂಡು, ಮುಂಚೆ ಶುರು ಮಾಡೋದಾ ಮುರಿದು ಮುಗಿಸಿದ ಮೇಲಾ ಅಂತ ಡಾಕ್ಟರನ್ನೇ ಕೇಳೋಣ.